ಅಂತರ್ಜಾಲದಲ್ಲಿ ಎಲೆಕ್ಟ್ರಾನಿಕ್ ಸಲಕರಣೆಗಳ ಖರೀದಿ: ಗ್ರಾಹಕ ಸೇವೆ ಕೈಕೊಟ್ಟಾಗ ವ್ಯಾಪಾರಸ್ಥರ ಹಕ್ಕು ಮತ್ತು ಲೆಕ್ಕ

ಬಿಲ್ಲು ಮುದ್ರಿಸುವ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಯುಪಿಎಸ್, ಲ್ಯಾಪ್‌ಟಾಪ್, ಸಿಸಿಟಿವಿ ಕ್ಯಾಮೆರಾ ಮೊದಲಾದ ಸಲಕರಣೆಗಳಿಲ್ಲದೆ ಇಂದು ಅಂಗಡಿಯಾಗಲಿ ಸಣ್ಣ ಕಾರ್ಖಾನೆಯಾಗಲಿ ನಡೆಯುವುದು ದುಸ್ತರ. ಇವುಗಳನ್ನು ಅಂತರ್ಜಾಲದ ಮಾರಾಟ ತಾಣಗಳಿಂದ ತರಿಸಿಕೊಳ್ಳುವುದು ನಮ್ಮ ಸದಸ್ಯರಲ್ಲಿ ಈಗ ವಾಡಿಕೆಯಾಗಿದೆ. ಬೆಲೆಯಲ್ಲಿ ಅನುಕೂಲವಿರುವುದು ನಿಜ. ಆದರೆ ಬಂದ ಯಂತ್ರ ಚಾಲನೆಗೇ ಬಾರದಿದ್ದಾಗ, ಅಥವಾ ಪೆಟ್ಟಿಗೆಯಲ್ಲಿ ಬೇರೆಯೇ ವಸ್ತು ಇದ್ದಾಗ, ಖರೀದಿದಾರನ ಪಾಡು ಹೇಳತೀರದು. ಗ್ರಾಹಕ ಸೇವೆಗೆ ಕರೆ ಮಾಡಿದರೆ ಪ್ರತಿ ಸಲವೂ ಹೊಸಬರು ಉತ್ತರಿಸುತ್ತಾರೆ, ಪ್ರತಿ ಸಲವೂ ವೃತ್ತಾಂತವನ್ನು ಮೊದಲಿನಿಂದ ಹೇಳಬೇಕು. ಮಾರಾಟ ತಾಣದವರು ತಯಾರಕರತ್ತ ಬೆರಳು ತೋರಿಸುತ್ತಾರೆ, ತಯಾರಕರ ಸೇವಾ ಕೇಂದ್ರದವರು ಮಾರಾಟಗಾರರತ್ತ. ಇಷ್ಟರಲ್ಲಿ ವಾಪಸಾತಿಯ ಅವಧಿ ಮುಗಿದಿರುತ್ತದೆ.

ಇದನ್ನು ಕೇವಲ ಅಸೌಜನ್ಯವೆಂದು ಭಾವಿಸಿ ಕೋಪಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಪರಿಹಾರ ದೊರೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆರ್ಡರ್ ಕೊಡುವ ಗಳಿಗೆಯಲ್ಲೇ ನಿರ್ಧಾರವಾಗಿರುತ್ತದೆ. ಯಾರಿಂದ ಕೊಂಡಿರಿ, ಯಾರ ಹೆಸರಿನಲ್ಲಿ ಕೊಂಡಿರಿ, ಯಾವ ಉದ್ದೇಶಕ್ಕೆ ಕೊಂಡಿರಿ ಎಂಬ ಮೂರು ಸಂಗತಿಗಳ ಮೇಲೆ ಕಾನೂನೂ ಲೆಕ್ಕವೂ ನಿಂತಿವೆ. ಪ್ರಸ್ತುತ ಲೇಖನದಲ್ಲಿ ಇವನ್ನು ಪರಿಶೀಲಿಸಲಾಗಿದೆ.

ಮಾರಿದವರು ಯಾರು?

ಮಾರಾಟ ತಾಣದ ಹೆಸರು ಪರಿಚಿತವಾದದ್ದರಿಂದ ಅವರೇ ಮಾರಾಟಗಾರರೆಂದು ನಾವು ತಿಳಿಯುತ್ತೇವೆ. ಬಹುತೇಕ ಸಂದರ್ಭಗಳಲ್ಲಿ ಹಾಗಿಲ್ಲ. ವಿದೇಶಿ ನೇರ ಬಂಡವಾಳದ ನೀತಿಯನ್ವಯ ವಿದೇಶಿ ಬಂಡವಾಳವುಳ್ಳ ಸಂಸ್ಥೆಯು ಮಾರುಕಟ್ಟೆ ತಾಣವನ್ನು ನಡೆಸಬಹುದೇ ಹೊರತು ತನ್ನದೇ ದಾಸ್ತಾನನ್ನು ಅಂತರ್ಜಾಲದ ಮೂಲಕ ಗ್ರಾಹಕರಿಗೆ ಮಾರುವಂತಿಲ್ಲ. 2018ರ ಪ್ರೆಸ್ ನೋಟ್ 2 ಈ ನಿರ್ಬಂಧವನ್ನು 2019ರ ಫೆಬ್ರವರಿ 1ರಿಂದ ಇನ್ನಷ್ಟು ಬಿಗಿಗೊಳಿಸಿತು. ಆದುದರಿಂದ ನಿಮ್ಮ ಇನ್‌ವಾಯ್ಸಿನಲ್ಲಿ ಕಾಣುವ ಮಾರಾಟಗಾರನ ಹೆಸರನ್ನು ನೀವು ಹಿಂದೆಂದೂ ಕೇಳಿರದಿದ್ದರೆ ಆಶ್ಚರ್ಯವಿಲ್ಲ. ತಾಣದವರು ವೇದಿಕೆಯನ್ನಷ್ಟೇ ಒದಗಿಸಿದ್ದಾರೆ, ಕ್ರಯದ ಕರಾರು ಆ ಮಾರಾಟಗಾರನೊಡನೆ ಏರ್ಪಟ್ಟಿದೆ.

ಹಾಗೆಂದು ತಾಣದವರು ಕೈತೊಳೆದುಕೊಳ್ಳುವಂತಿಲ್ಲ. 2020ರ ಜುಲೈ 23ರಂದು ಪ್ರಕಟವಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅವರು ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತಾಣದಲ್ಲಿ ಪ್ರಕಟಿಸತಕ್ಕದ್ದು. ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ಪ್ರತಿ ದೂರಿಗೂ ಟಿಕೆಟ್ ಸಂಖ್ಯೆ ಕೊಡತಕ್ಕದ್ದು. ಮಾರಾಟಗಾರನ ವ್ಯವಹಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ದೂರವಾಣಿ ಇವು ಖರೀದಿದಾರನಿಗೆ ಕಾಣುವಂತಿರತಕ್ಕದ್ದು. ಇನ್ನು ಮಾರಾಟಗಾರನಾದರೋ, ಸರಕು ದೋಷಯುಕ್ತವಾಗಿದ್ದಲ್ಲಿ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದಿದ್ದಲ್ಲಿ, ಅದನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ.

ಆರ್ಡರ್ ಕೊಡುವ ಮುನ್ನ ಮಾರಾಟಗಾರನ ವಿವರದ ಪುಟವನ್ನು ತೆರೆದು ನೋಡಲು ಎರಡು ನಿಮಿಷ ಸಾಕು. ಆತ ತಯಾರಕರ ಅಧಿಕೃತ ಮಾರಾಟಗಾರನೇ ಎಂಬುದನ್ನೂ, ವಾರಂಟಿಯು ಯಂತ್ರವಿದ್ದಲ್ಲಿಗೇ ಬಂದು ರಿಪೇರಿ ಮಾಡುವ ಬಗೆಯದೋ ಅಥವಾ ನಾವೇ ಸೇವಾ ಕೇಂದ್ರಕ್ಕೆ ಒಯ್ಯಬೇಕಾದ ಬಗೆಯದೋ ಎಂಬುದನ್ನೂ ನೋಡಿಕೊಳ್ಳಬೇಕು. ತಾಲೂಕು ಸ್ಥಳದಲ್ಲಿರುವ ವ್ಯಾಪಾರಿಗೆ ಈ ಎರಡನೆಯ ಬಗೆಯ ವಾರಂಟಿ ಎಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಎರಡು ಸಲ ಓಡಾಟ. ಸ್ಥಳೀಯ ಅಂಗಡಿಯವರು ಹೇಳುವ ರೂ. 1,500 ಹೆಚ್ಚಿನ ಬೆಲೆಯಲ್ಲಿ ಈ ಓಡಾಟದ ಖರ್ಚು ಅಡಗಿರುತ್ತದೆ ಎಂಬುದನ್ನು ದರಗಳ ಹೋಲಿಕೆ ಪಟ್ಟಿ ತೋರಿಸುವುದಿಲ್ಲ. ಅಂತರ್ಜಾಲದಲ್ಲಿ ಕೊಳ್ಳಬೇಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ, ಹೋಲಿಕೆ ಪೂರ್ಣವಾಗಿರಲಿ ಎಂದಷ್ಟೇ. ಇದಲ್ಲದೆ ಲ್ಯಾಪ್‌ಟಾಪ್, ಅಡಾಪ್ಟರ್, ಪವರ್ ಬ್ಯಾಂಕ್ ಮೊದಲಾದ ಸರಕುಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇರುತ್ತದೆ. ಸರಕಿನ ಮೇಲಿನ ನೋಂದಣಿ ಸಂಖ್ಯೆಯನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ತಾಳೆ ನೋಡಬಹುದು.

ಬಿಲ್ಲು ಯಾರ ಹೆಸರಿನಲ್ಲಿದೆ?

ಲೆಕ್ಕ ತಪಾಸಣೆಯ ಕಾಲಕ್ಕೆ ನಾವು ಪದೇ ಪದೇ ಕಾಣುವ ಒಂದು ಸಂಗತಿಯಿದೆ. ಮಾಲೀಕರಿಗೆ ಪುರುಸೊತ್ತಿಲ್ಲ. ಅಂಗಡಿಯ ಹುಡುಗನೋ ಕಚೇರಿಯ ಗುಮಾಸ್ತರೋ ತಮ್ಮ ಸ್ವಂತ ಮೊಬೈಲಿನಿಂದ, ಸ್ವಂತ ಖಾತೆಯಿಂದ ಆರ್ಡರ್ ಕೊಡುತ್ತಾರೆ. ಇನ್‌ವಾಯ್ಸು ಅವರ ಹೆಸರಿಗೆ ಬರುತ್ತದೆ. ಹಣವನ್ನು ಸಂಸ್ಥೆಯ ನಗದಿನಿಂದ ಅವರಿಗೆ ಕೊಡಲಾಗುತ್ತದೆ. ಯಂತ್ರ ಸರಿಯಾಗಿದ್ದರೆ ಯಾರಿಗೂ ಇದು ತೋಚುವುದಿಲ್ಲ. ಕೆಟ್ಟರೆ ದೂರು ಕೊಡಬೇಕಾದವರು ಆ ನೌಕರರು, ಒಟಿಪಿ ಬರುವುದು ಅವರ ಮೊಬೈಲಿಗೆ, ಮರುಪಾವತಿ ಜಮೆಯಾಗುವುದು ಅವರ ಬ್ಯಾಂಕ್ ಖಾತೆಗೆ. ಅವರು ನೌಕರಿ ಬಿಟ್ಟು ಹೋಗಿದ್ದರೆ ವಾರಂಟಿಯೂ ಅವರೊಡನೆ ಹೋದಂತೆಯೇ ಸರಿ. ಸಂಸ್ಥೆಯ ಹೆಸರಿನಲ್ಲಿ ವ್ಯವಹಾರ ಖಾತೆಯೊಂದನ್ನು ತೆರೆದು, ಸಂಸ್ಥೆಯ ಇಮೇಲ್ ವಿಳಾಸ ಕೊಟ್ಟು, ಸಂಸ್ಥೆಯ ಬ್ಯಾಂಕ್ ಖಾತೆಯಿಂದಲೇ ಪಾವತಿಸುವುದು ಕ್ಷೇಮ.

ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನು ಆರ್ಡರ್ ಕೊಡುವಾಗಲೇ ನಮೂದಿಸಬೇಕು. ಸಾಮಾನ್ಯ ಗ್ರಾಹಕನ ಹೆಸರಿಗೆ ಇನ್‌ವಾಯ್ಸು ಹೊರಟ ಮೇಲೆ ಅದನ್ನು ತಿದ್ದಿಸಿಕೊಳ್ಳುವುದು ಬಹಳ ಕಷ್ಟ. ಯಂತ್ರ ಬದಲಾಯಿಸಿ ಕೊಟ್ಟಾಗಲೂ ಎಚ್ಚರವಿರಬೇಕು. ಹೊಸ ಯಂತ್ರದ ಕ್ರಮಸಂಖ್ಯೆ ಬೇರೆ, ಕೈಯಲ್ಲಿರುವ ಇನ್‌ವಾಯ್ಸು ಹಳೆಯದಕ್ಕೆ ಸಂಬಂಧಿಸಿದ್ದು. ಎಂಟು ತಿಂಗಳ ನಂತರ ಸೇವಾ ಕೇಂದ್ರದವರು ಈ ವ್ಯತ್ಯಾಸವನ್ನೇ ಮುಂದುಮಾಡಿ ವಾರಂಟಿ ನಿರಾಕರಿಸುವ ಸಂಭವವಿದೆ. ಆದುದರಿಂದ ಹಳೆಯ ಇನ್‌ವಾಯ್ಸಿಗೆ ಕ್ರೆಡಿಟ್ ನೋಟ್ ಮತ್ತು ಹೊಸ ಇನ್‌ವಾಯ್ಸು ಕೇಳಬೇಕು, ಅದಾಗದಿದ್ದಲ್ಲಿ ಹೊಸ ಕ್ರಮಸಂಖ್ಯೆಯನ್ನು ನಮೂದಿಸಿದ ಇಮೇಲನ್ನಾದರೂ ತರಿಸಿಕೊಳ್ಳಬೇಕು.

ಇನ್‌ಪುಟ್ ಕ್ರೆಡಿಟ್ ಮತ್ತು ಬಾರದ ಸರಕು

ಒಂದು ಉದಾಹರಣೆ ನೋಡೋಣ. ಬಾರ್‌ಕೋಡ್ ಪ್ರಿಂಟರಿನ ಬೆಲೆ ರೂ. 40,000, ಶೇ. 18ರಂತೆ ತೆರಿಗೆ ರೂ. 7,200, ಒಟ್ಟು ರೂ. 47,200. ಮಾರಾಟಗಾರ ಬೇರೆ ರಾಜ್ಯದವನಾದ್ದರಿಂದ ತೆರಿಗೆ ಐಜಿಎಸ್‌ಟಿ. ಪೆಟ್ಟಿಗೆ ಬಂದಿತು, ಒಳಗೆ ಬಳಸಿ ಸವೆದ ಬೇರೊಂದು ಯಂತ್ರವಿತ್ತು. ದೂರು ಕೊಟ್ಟದ್ದಾಯಿತು. ಇತ್ತ ಇನ್‌ವಾಯ್ಸು ಮಾತ್ರ ಯಥಾಪ್ರಕಾರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿತು, ಲೆಕ್ಕ ಬರೆಯುವವರು ರೂ. 7,200 ಜಮೆ ಪಡೆದುಬಿಟ್ಟರು.

ಇದು ಸರಿಯಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 16(2)ನೆಯ ಪ್ರಕರಣದ ಪ್ರಕಾರ ಇನ್‌ವಾಯ್ಸು ಇರುವುದೂ, ಅದು 2ಬಿಯಲ್ಲಿ ಕಾಣುವುದೂ ಎಷ್ಟು ಅಗತ್ಯವೋ ಸರಕು ಕೈಸೇರುವುದೂ ಅಷ್ಟೇ ಅಗತ್ಯ. ಆರ್ಡರ್ ಮಾಡಿದ ಸರಕು ಬಂದಿಲ್ಲವಾದ್ದರಿಂದ ಆ ಮೊತ್ತವನ್ನು ಜಿಎಸ್‌ಟಿಆರ್-3ಬಿಯ 4(ಬಿ)(2)ರಲ್ಲಿ ತಾತ್ಕಾಲಿಕವಾಗಿ ಹಿಂತಿರುಗಿಸಬೇಕು. ಸರಿಯಾದ ಯಂತ್ರ ಬಂದ ತಿಂಗಳು ಅದನ್ನು 4(ಎ)(5)ರಲ್ಲಿ ಮರಳಿ ಪಡೆದು 4(ಡಿ)(1)ರಲ್ಲಿ ತೋರಿಸಬೇಕು. ಅರ್ಹತೆಯಿಲ್ಲದ ಜಮೆಯನ್ನು ಪಡೆದು ಬಳಸಿಕೊಂಡರೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕಾಗುತ್ತದೆ. ಸರಕು ಮರಳಿಸಿ ಕ್ರೆಡಿಟ್ ನೋಟ್ ಬಂದರೆ ಜಮೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಮಾರಾಟಗಾರನು ತನ್ನ ತೆರಿಗೆಯನ್ನು ಇಳಿಸಿಕೊಳ್ಳುವಂತೆ ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನಿನ ದಿನಾಂಕ, ಇವುಗಳಲ್ಲಿ ಮೊದಲು ಬರುವುದೇ ಕೊನೆಯ ಗಡುವು. ಮಾರ್ಚಿಗೆ ಮುನ್ನ ಕೊಂಡ ಸರಕಿನ ತಕರಾರು ಡಿಸೆಂಬರಿನವರೆಗೆ ಎಳೆದರೆ ಈ ದಾರಿಯೂ ಮುಚ್ಚುತ್ತದೆ.

ಇದೇ ಲೆಕ್ಕ ನಿಮ್ಮ ಪರಿಹಾರದ ಬೇಡಿಕೆಗೂ ಅನ್ವಯಿಸುತ್ತದೆ. ಜಮೆ ಪಡೆದಿಲ್ಲವಾದರೆ ನಿಮ್ಮ ನಷ್ಟ ರೂ. 47,200. ಜಮೆ ಪಡೆದು ಇಟ್ಟುಕೊಂಡಿದ್ದರೆ ರೂ. 40,000 ಮಾತ್ರ. ಜಮೆಯನ್ನೂ ಇಟ್ಟುಕೊಂಡು ಪೂರ್ಣ ಮೊತ್ತವನ್ನೂ ಕೇಳಿದವರ ರಿಟರ್ನನ್ನು ಎದುರು ವಕೀಲರು ಒಂದೇ ಪ್ರಶ್ನೆಯಲ್ಲಿ ಹೊರಗೆಳೆಯಬಲ್ಲರು.

ವ್ಯಾಪಾರಿಯು ‘ಗ್ರಾಹಕ’ನೇ?

ಎಲ್ಲಕ್ಕಿಂತ ಜಟಿಲವಾದ ಪ್ರಶ್ನೆ ಇದು. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಅಂತರ್ಜಾಲದ ಖರೀದಿಯನ್ನು ಸ್ಪಷ್ಟವಾಗಿ ಒಳಗೊಂಡಿದೆ. ಆದರೆ ‘ವಾಣಿಜ್ಯ ಉದ್ದೇಶ’ಕ್ಕೆ ಸರಕು ಕೊಂಡವನನ್ನು 2(7)ನೆಯ ಪ್ರಕರಣ ಗ್ರಾಹಕನೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರವೇ ಕೊಂಡು ತಾನೇ ಬಳಸುವವನಿಗೆ ಇದರಿಂದ ವಿನಾಯಿತಿಯುಂಟು.

ಗೆರೆ ಎಲ್ಲಿ ಬೀಳುತ್ತದೆ? ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ (1995) ಸರ್ವೋಚ್ಚ ನ್ಯಾಯಾಲಯವು ಕಾರ್ಖಾನೆಗೆ ಯಂತ್ರ ಕೊಂಡ ಸಂಸ್ಥೆಯನ್ನು ಗ್ರಾಹಕನೆಂದು ಒಪ್ಪಲಿಲ್ಲ. ಆದರೆ ಬೆರಳಚ್ಚು ಯಂತ್ರ ಕೊಂಡು ತಾನೇ ಕೆಲಸ ಮಾಡಿ ಜೀವನ ಸಾಗಿಸುವವನೂ, ಆಟೋರಿಕ್ಷಾ ಕೊಂಡು ತಾನೇ ಓಡಿಸುವವನೂ ಗ್ರಾಹಕರೆಂದು ಅದೇ ತೀರ್ಪು ವಿವರಿಸಿತು. ಲೀಲಾವತಿ ಕೀರ್ತಿಲಾಲ್ ಮೆಹ್ತಾ ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ (2019) ದಾದಿಯರ ವಸತಿಗೆಂದು ಮನೆಗಳನ್ನು ಕೊಂಡ ಆಸ್ಪತ್ರೆಯ ಟ್ರಸ್ಟನ್ನು ಗ್ರಾಹಕನೆಂದು ಒಪ್ಪಲಾಯಿತು. ಖರೀದಿಯ ಪ್ರಧಾನ ಉದ್ದೇಶಕ್ಕೂ ಲಾಭ ಗಳಿಕೆಗೂ ನೇರ ಸಂಬಂಧವಿದೆಯೇ ಎಂಬುದೇ ಒರೆಗಲ್ಲು. 2024ರಲ್ಲಿ ಶ್ರೀರಾಮ್ ಚಿಟ್ಸ್ ಪ್ರಕರಣದಲ್ಲಿ, ವಾಣಿಜ್ಯ ಉದ್ದೇಶವಿತ್ತೆಂದು ಸಾಬೀತುಪಡಿಸುವ ಹೊಣೆ ಎದುರುದಾರನದೇ ಎಂದು ನ್ಯಾಯಾಲಯ ಹೇಳಿತು. ಆದರೆ 2025ರ ನವೆಂಬರಿನಲ್ಲಿ ಪಾಲಿ ಮೆಡಿಕ್ಯೂರ್ ಪ್ರಕರಣದಲ್ಲಿ, ತನ್ನ ವ್ಯವಹಾರದ ಕೆಲಸಕ್ಕೆ ತಂತ್ರಾಂಶ ಕೊಂಡ ಕಂಪನಿಯು ಗ್ರಾಹಕನಲ್ಲವೆಂದು ತೀರ್ಪಾಯಿತು.

ಇವುಗಳಿಂದ ನಮಗೆ ತಿಳಿಯುವುದೇನು? ಜೆರಾಕ್ಸ್ ಅಂಗಡಿಯನ್ನು ತಾನೇ ನಡೆಸುವವನು ಕೊಂಡ ಪ್ರಿಂಟರಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ ಎನ್ನಬಹುದು. ಕಾರ್ಮಿಕರ ವಿಶ್ರಾಂತಿ ಕೋಣೆಗೆ ತಂದ ಟಿವಿಯ ವಿಷಯದಲ್ಲೂ ವಾದಿಸಲು ಅವಕಾಶವಿದೆ. ಹತ್ತು ಜನ ನೌಕರರಿರುವ ಸಗಟು ಮಳಿಗೆಯ ಬಿಲ್ಲಿಂಗ್ ಯಂತ್ರ, ಗೋಕುಲ ರಸ್ತೆಯ ಕಾರ್ಖಾನೆಯ ವಿನ್ಯಾಸ ವಿಭಾಗಕ್ಕೆ ಕೊಂಡ ಗಣಕಯಂತ್ರ, ಇವುಗಳ ಬಗ್ಗೆ ನಾನು ಭರವಸೆ ಕೊಡಲಾರೆ. ಇನ್‌ವಾಯ್ಸಿನಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಆದರೆ ಎದುರುದಾರರು ಮೊದಲು ಎತ್ತಿ ತೋರಿಸುವುದು ಅದನ್ನೇ. ಕೆಲವರು ಇದಕ್ಕಂಜಿ ಮನೆಯ ಹೆಸರಿನಲ್ಲಿ ಕೊಂಡು ಅಂಗಡಿಯಲ್ಲಿ ಬಳಸುತ್ತಾರೆ. ಶೇ. 18ರ ಜಮೆಯನ್ನು ಖಚಿತವಾಗಿ ಬಿಟ್ಟುಕೊಟ್ಟು ಅನಿಶ್ಚಿತ ಹಕ್ಕೊಂದನ್ನು ಕೊಳ್ಳುವ ಈ ಉಪಾಯ ನನಗೆ ಸರಿಕಾಣುವುದಿಲ್ಲ. ಯಂತ್ರವಿರುವ ಜಾಗವೇ ಉದ್ದೇಶವನ್ನು ಹೇಳುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಸದಸ್ಯರು ಗಮನಿಸಬೇಕು. ದೂರಿನಲ್ಲಿ ಆವೇಶದಿಂದ ‘ಈ ಯಂತ್ರವಿಲ್ಲದೆ ದಿನಕ್ಕೆ ಇಷ್ಟು ಸಾವಿರ ಲಾಭ ತಪ್ಪಿತು’ ಎಂದು ಬರೆಯುವವರಿದ್ದಾರೆ. ಪರಿಹಾರ ಹೆಚ್ಚಲೆಂದು ಬರೆದ ಆ ಸಾಲೇ ವಾಣಿಜ್ಯ ಉದ್ದೇಶಕ್ಕೆ ನೀವೇ ಒದಗಿಸಿದ ಸಾಕ್ಷ್ಯವಾಗುತ್ತದೆ.

ಗ್ರಾಹಕನೆಂದು ಒಪ್ಪಿದಲ್ಲಿ ಅನುಕೂಲಗಳು ಬಹಳ. ಕೊಟ್ಟ ಬೆಲೆ ರೂ. 50 ಲಕ್ಷದವರೆಗೆ ಜಿಲ್ಲಾ ಆಯೋಗದಲ್ಲೇ ದಾವೆ, ರೂ. 5 ಲಕ್ಷದವರೆಗೆ ಶುಲ್ಕವಿಲ್ಲ. ತಾಣದ ಷರತ್ತುಗಳಲ್ಲಿ ಯಾವ ಊರಿನ ನ್ಯಾಯಾಲಯವೆಂದು ಬರೆದಿದ್ದರೂ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಮಧ್ಯಸ್ಥಿಕೆಯ ಷರತ್ತು ಇದಕ್ಕೆ ಅಡ್ಡಬಾರದೆಂದು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಕಾಲಮಿತಿ ಎರಡು ವರ್ಷ. 2025ರ ಜನವರಿಯಿಂದ ಇ-ಜಾಗೃತಿ ತಾಣದ ಮೂಲಕ ದೂರು ಸಲ್ಲಿಸುವ ವ್ಯವಸ್ಥೆ ಬಂದಿದೆ. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಒಳ್ಳೆಯದು.

ಗ್ರಾಹಕನಲ್ಲವೆಂದಾದರೆ ಸರಕು ಮಾರಾಟ ಅಧಿನಿಯಮ, 1930 ಇದ್ದೇ ಇದೆ, ಸಿವಿಲ್ ನ್ಯಾಯಾಲಯದಲ್ಲಿ ಮೂರು ವರ್ಷದೊಳಗೆ ದಾವೆ ಹೂಡಬಹುದು. ಆಗ ಮಾತ್ರ ಬೇರೂರಿನ ನ್ಯಾಯಾಲಯದ ಷರತ್ತು ನಿಜಕ್ಕೂ ಕಾಡುತ್ತದೆ. ನಲವತ್ತು ಸಾವಿರದ ಪ್ರಿಂಟರಿಗಾಗಿ ದೂರದ ಊರಿಗೆ ಅಲೆಯುವವರು ಯಾರೂ ಇಲ್ಲ. ಇದನ್ನು ಬಲ್ಲ ಕಂಪನಿಗಳಿಗೆ ಅವಸರವೂ ಇಲ್ಲ. ಉದ್ಯಮ್ ನೋಂದಣಿ ಇದ್ದರೆ ಏನಾದರೂ ರಕ್ಷಣೆ ಸಿಗುವುದೇ ಎಂದು ಕೆಲವರು ಕೇಳುತ್ತಾರೆ. ಆ ಕಾನೂನಿನಲ್ಲಿ ತಡವಾದ ಪಾವತಿಯ ವಿರುದ್ಧ ರಕ್ಷಣೆಯಿರುವುದು ಸರಕು ಪೂರೈಸಿದ ಸಣ್ಣ ಉದ್ಯಮಿಗೆ, ಕೊಂಡವನಿಗಲ್ಲ. ಹೀಗಾಗಿ ನಮ್ಮ ಬಹುಪಾಲು ಸದಸ್ಯರ ಮಟ್ಟಿಗೆ ನಿಜವಾದ ಹೋರಾಟ ಮೊದಲ ಕೆಲವು ದಿನಗಳಲ್ಲೇ, ಪತ್ರದ ಮೂಲಕವೇ, ನಡೆಯಬೇಕಾಗಿದೆ.

ದೂರವಾಣಿಯಿಂದ ಪತ್ರಕ್ಕೆ

ಇಲ್ಲಿ ಎರಡು ಕಾಲಮಿತಿಗಳಿವೆ. ಕಾನೂನಿನದು ವರ್ಷಗಳಲ್ಲಿದೆ, ತಾಣದ ವಾಪಸಾತಿಯದು ದಿನಗಳಲ್ಲಿದೆ. ಎಲೆಕ್ಟ್ರಾನಿಕ್ ಸರಕುಗಳಿಗೆ ಸಾಮಾನ್ಯವಾಗಿ ಏಳು ಅಥವಾ ಹತ್ತು ದಿನ, ಅದೂ ಅನೇಕ ವೇಳೆ ಬದಲಿ ಯಂತ್ರಕ್ಕೆ ಮಾತ್ರ. ‘ಇನ್ನು 48 ಗಂಟೆ ಕಾಯಿರಿ’ ಎಂಬ ಮಾತನ್ನು ಮೂರು ಸಲ ನಂಬಿದರೆ ವಾರ ಕಳೆಯುತ್ತದೆ. ವಾಪಸಾತಿಯ ಅವಧಿ ಮುಗಿದರೆ ದೋಷದ ಬಗೆಗಿನ ಕಾನೂನುಬದ್ಧ ಹಕ್ಕು ನಾಶವಾಗುವುದಿಲ್ಲ, ಆದರೆ ಸುಲಭದ ದಾರಿ ಮುಚ್ಚಿರುತ್ತದೆ.

ಸರಕು ಮಾರಾಟ ಅಧಿನಿಯಮದ 41ನೆಯ ಪ್ರಕರಣದಂತೆ, ಮೊದಲು ನೋಡಿರದ ಸರಕನ್ನು ಪರೀಕ್ಷಿಸಲು ಸಮಂಜಸ ಅವಕಾಶ ಸಿಗುವವರೆಗೆ ಖರೀದಿದಾರ ಅದನ್ನು ಸ್ವೀಕರಿಸಿದಂತಾಗುವುದಿಲ್ಲ. 42ನೆಯ ಪ್ರಕರಣದಂತೆ, ತಿರಸ್ಕಾರವನ್ನು ತಿಳಿಸದೆ ಸಮಂಜಸ ಅವಧಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಸ್ವೀಕರಿಸಿದಂತೆಯೇ. 43ನೆಯ ಪ್ರಕರಣವಂತೂ ಹೆಚ್ಚಿನವರಿಗೆ ತಿಳಿದಿಲ್ಲ: ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ನ್ಯಾಯವಾಗಿ ತಿರಸ್ಕರಿಸಿದ ಸರಕನ್ನು ಮರಳಿ ಕಳುಹಿಸುವ ಹೊಣೆ ಖರೀದಿದಾರನದಲ್ಲ, ತಿರಸ್ಕರಿಸಿದ್ದನ್ನು ತಿಳಿಸಿದರೆ ಸಾಕು. ಸಾಗಣೆ ವೆಚ್ಚವನ್ನು ನಿಮ್ಮ ಮೇಲೆ ಹೊರಿಸಲು ಬಂದಾಗ ತಾಣದ ಷರತ್ತುಗಳನ್ನು ಓದಿ ಈ ಪ್ರಕರಣವನ್ನು ಉಲ್ಲೇಖಿಸಬಹುದು. ತಿರಸ್ಕರಿಸಿದೆನೆಂದು ಬರೆದು ಯಂತ್ರವನ್ನು ಬಳಸುತ್ತಿದ್ದರೆ ಮಾತ್ರ ಯಾವ ಪ್ರಕರಣವೂ ನೆರವಿಗೆ ಬಾರದು.

ಪೆಟ್ಟಿಗೆಯನ್ನು ತೆರೆಯುವಾಗ ಮೊಹರು, ವಿಳಾಸದ ಚೀಟಿ, ಕ್ರಮಸಂಖ್ಯೆ ಕಾಣುವಂತೆ ಅಡೆತಡೆಯಿಲ್ಲದ ಒಂದೇ ವಿಡಿಯೋ ತೆಗೆಯಿರಿ. ತಲುಪಿಸುವವರು ಪೆಟ್ಟಿಗೆ ತೆರೆದು ತೋರಿಸುವ ವ್ಯವಸ್ಥೆ ಇದ್ದಲ್ಲಿ ನೋಡುವ ಮುನ್ನ ಒಟಿಪಿ ಹೇಳಬೇಡಿರಿ. ಮೂಲ ಕಡತವನ್ನು ಫೋನಿನಿಂದ ಅಳಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ, ಅದರ ಒಂದು ಭಾಗಕ್ಕೆ ತಜ್ಞರೂ ಸಹಿ ಹಾಕಬೇಕು. ಚಾಟ್ ಮುಗಿಸುವ ಮುನ್ನ ಅದರ ಪ್ರತಿಯನ್ನು ಇಮೇಲಿಗೆ ತರಿಸಿಕೊಳ್ಳಿರಿ. ಪ್ರತಿ ಕರೆಗೂ ಹೊಸ ಟಿಕೆಟ್ ತೆರೆಯಲು ಬಿಡದೆ ಹಳೆಯ ಸಂಖ್ಯೆಯನ್ನೇ ಹೇಳಿರಿ. ಎರಡನೆಯ ಕರೆಯೂ ನಿಷ್ಫಲವಾದರೆ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹೋಗಬೇಕು, ಪ್ರತಿಯೊಂದು ಮಾರಾಟಗಾರನಿಗೆ. ಒಕ್ಕಣೆ ಹೀಗಿರಬಹುದು:

‘ಆರ್ಡರ್ ಸಂಖ್ಯೆ ……, ಇನ್‌ವಾಯ್ಸ್ ಸಂಖ್ಯೆ ……ರ ಅನ್ವಯ ದಿನಾಂಕ ……ರಂದು ನಮಗೆ ತಲುಪಿದ ಪ್ರಿಂಟರ್, ಕ್ರಮಸಂಖ್ಯೆ ……, ಅದೇ ದಿನ ಜೋಡಿಸಿ ನೋಡಿದಾಗ ಚಾಲನೆಗೆ ಬರಲಿಲ್ಲ. ಸದರಿ ಸರಕನ್ನು ನಾವು ತಿರಸ್ಕರಿಸಿದ್ದೇವೆ. ಅದು ತಮ್ಮ ವಶಕ್ಕೆ ಒಪ್ಪಿಸಲು ಸುರಕ್ಷಿತವಾಗಿದೆ. ಟಿಕೆಟ್ ಸಂಖ್ಯೆ ……ರ ದೂರಿಗೆ ಇದುವರೆಗೆ ಪರಿಹಾರ ದೊರೆತಿಲ್ಲ. ರೂ. ……ನ್ನು ಮೂಲ ಪಾವತಿ ಖಾತೆಗೇ ಮರಳಿಸಿ, ಕ್ರೆಡಿಟ್ ನೋಟನ್ನು ದಿನಾಂಕ ……ರೊಳಗೆ ಕಳುಹಿಸಬೇಕಾಗಿ ಕೋರುತ್ತೇವೆ.’

ಬೇಡಿಕೆ ಒಂದೇ ಇರಲಿ. ಸೋಮವಾರ ಬದಲಿ ಯಂತ್ರ, ಬುಧವಾರ ಹಣ, ಶುಕ್ರವಾರ ಮತ್ತೆ ಬದಲಿ ಎಂದು ಕೇಳಿದವರ ಟಿಕೆಟ್ಟನ್ನು ‘ಗ್ರಾಹಕರ ಕೋರಿಕೆಯ ಮೇರೆಗೆ’ ಮುಕ್ತಾಯಗೊಳಿಸುವುದು ಸುಲಭ. ಕೊಡುಗೆ ಚೀಟಿಯ ರೂಪದಲ್ಲಿ ಮರುಪಾವತಿಯನ್ನು ಒಪ್ಪಿದರೆ ಅದನ್ನು ಲೆಕ್ಕಪುಸ್ತಕದಲ್ಲಿ ಹೊಂದಿಸುವುದೇ ಮುಂದೊಂದು ತಲೆನೋವಾಗುತ್ತದೆ.

ಹಣ ಪಾವತಿಯ ವಿಷಯ

ಖಾತೆಯಿಂದ ಹಣ ಕಡಿತವಾಗಿ ಆರ್ಡರ್ ದಾಖಲಾಗದಿದ್ದರೆ ಅದು ಬ್ಯಾಂಕಿಗೆ ಸಂಬಂಧಿಸಿದ್ದು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ, ವ್ಯಾಪಾರಿಗೆ ಯುಪಿಐ ಅಥವಾ ಕಾರ್ಡ್ ಮೂಲಕ ಮಾಡಿದ ಇಂಥ ವಿಫಲ ಪಾವತಿಯನ್ನು ಐದು ದಿನಗಳೊಳಗೆ ತಾನಾಗಿಯೇ ಮರಳಿಸಬೇಕೆಂದೂ, ತಡವಾದರೆ ದಿನಕ್ಕೆ ರೂ. 100 ಪರಿಹಾರವೆಂದೂ ನಿಗದಿಪಡಿಸಲಾಯಿತು. ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸಿದ್ದರೆ, ಸರಕು ಬಾರದ ಅಥವಾ ದೋಷಯುಕ್ತವಾದ ಸಂದರ್ಭದಲ್ಲಿ ಕಾರ್ಡ್ ನೀಡಿದ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೋರಿಕೆ ಸಲ್ಲಿಸುವ ಹೆಚ್ಚಿನ ಅನುಕೂಲವಿದೆ. ಇದಕ್ಕೂ ಗಡುವುಂಟು, ಬ್ಯಾಂಕಿನಲ್ಲಿ ಕೂಡಲೇ ವಿಚಾರಿಸಬೇಕು.

ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವುದು ಮಾತ್ರ ಅಪಾಯಕರ. ಹುಡುಕಿದಾಗ ಮೊದಲು ಕಾಣುವ ಸಂಖ್ಯೆ ವಂಚಕರದ್ದಾಗಿರಬಹುದು. ಮರುಪಾವತಿಗೆಂದು ಆ್ಯಪ್ ಹಾಕಿಕೊಳ್ಳಲು, ಪರದೆ ಹಂಚಿಕೊಳ್ಳಲು ಅಥವಾ ಯುಪಿಐ ಪಿನ್ ಒತ್ತಲು ಹೇಳಿದವರು ವಂಚಕರೇ ಸರಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಮ್ಮ ಸದಸ್ಯರಲ್ಲಿ ಅನೇಕರು ಇದೇ ತಾಣಗಳಲ್ಲಿ ಮಾರಾಟಗಾರರೂ ಆಗಿದ್ದಾರೆ. ಮೇಲೆ ಹೇಳಿದ 48 ಗಂಟೆ ಮತ್ತು ಒಂದು ತಿಂಗಳ ನಿಯಮ ತಾಣದವರಿಗಷ್ಟೇ ಅಲ್ಲ, 6ನೆಯ ನಿಯಮದನ್ವಯ ಅಲ್ಲಿ ಸರಕು ಮಾರುವವರಿಗೂ ಅನ್ವಯಿಸುತ್ತದೆ. ಅವರೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸತಕ್ಕದ್ದು. ಸಣ್ಣ ಸಂಸ್ಥೆಯಲ್ಲಿ ಪಾಲುದಾರರೊಬ್ಬರೇ ಆ ಹೊಣೆ ಹೊರಬಹುದು. ಅವರ ಹೆಸರನ್ನೂ ಇಮೇಲ್ ವಿಳಾಸವನ್ನೂ ತಾಣದ ಮಾರಾಟಗಾರರ ವಿವರದಲ್ಲಿ ಸೇರಿಸಿ, ಆ ಇಮೇಲನ್ನು ದಿನವೂ ತೆರೆದು ನೋಡುವ ಏರ್ಪಾಡು ಮಾಡಿಕೊಳ್ಳತಕ್ಕದ್ದು.